ಟೇಪಕ್ಕ ಮತ್ತು ಮೇಷ್ಟ್ರ ಷರಾ

ಕೃತಕ ಕಾಲು ಮಾಡುವ ಆ ಸಣ್ಣ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಟೇಪಕ್ಕ ಎಂದೇ ಕರೆಯುತ್ತಿದ್ದರು. ಅಳತೆ ಟೇಪು ಸದಾ ಅವಳ ಕೊರಳಲ್ಲೇ ಇರುತ್ತಿತ್ತು. ಒಮ್ಮೆ ಅದನ್ನು ತೆಗೆಯಲು ಮರೆತು ನೆಂಟರ ಮದುವೆಗೂ ಹೋಗಿ, "ಇದೇನತ್ತಿಗೆ, ಹೊಸ ನಮೂನೆ ಸರ?" ಎಂದು ನಾದಿನಿಯರಿಂದ ಲೇವಡಿ ಮಾಡಿಸಿಕೊಂಡಿದ್ದಳು.

ಅವಳು ಮೊದಲು ಬಂದದ್ದು ಬೆಲ್ಟು ಹೊಲಿಯುವ ಕೆಲಸಕ್ಕೆ. ಕಾಲನ್ನು ತೊಡೆಗೆ ಬಿಗಿಯುವ ಚರ್ಮದ ಪಟ್ಟಿಗಳವು. ಆಮೇಲೊಂದು ದಿನ ಅಳತೆ ತೆಗೆಯುವವನು ರಜೆ ಹಾಕಿದ್ದಾಗ, "ನೀನೇ ಸ್ವಲ್ಪ ನೋಡಮ್ಮ" ಎಂದರು ಮ್ಯಾನೇಜರು. ಮೊಣಕಾಲಿನ ಕೆಳಗೆ ಕತ್ತರಿಸಿ ಹೊಲಿದ ಮೋಟನ್ನು ಮುಟ್ಟುವಾಗ ಎಂಥ ಗಟ್ಟಿ ಎದೆಯವರೂ ಮೊದಮೊದಲು ಮುಖ ಆಚೆ ತಿರುಗಿಸುತ್ತಾರೆ. ಅವಳು ತಿರುಗಿಸಲಿಲ್ಲ. ಹಸುಗೂಸಿನ ತಲೆ ಹಿಡಿದ ಹಾಗೆ ಅಂಗೈಯಲ್ಲಿ ಹಿಡಿದು, "ಇಲ್ಲಿ ಒತ್ತಿದರೆ ನೋವಾ? ಇಲ್ಲಿ?" ಎಂದು ಕೇಳಿದಳು. ಅಂದಿನಿಂದ ಅಳತೆ ಅವಳ ಪಾಲಿಗೇ ಬಂತು.

ಮೇಷ್ಟ್ರು ಅಲ್ಲಿಗೆ ಬಂದದ್ದು ರೋಗಿಯಾಗಿ. ಯಾವುದೋ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದವರು. ಲಾರಿ ಚಕ್ರದಡಿ ಬಲಗಾಲು ಹೋಯಿತು. ಹೊಸ ಕಾಲು ಹಾಕಿಸಿಕೊಂಡು ನಡೆಯುವುದನ್ನು ಕಲಿಯುತ್ತಿದ್ದ ದಿನಗಳಲ್ಲಿ ಸುಮ್ಮನೆ ಕೂರಲಾರದೆ, ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದ ಅಳತೆ ಚೀಟಿಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಹತ್ತಿಸತೊಡಗಿದರು. ಎಲ್ಲ ಮುಗಿಯುವಷ್ಟರಲ್ಲಿ ಅವರಿಗೆ ಶಾಲೆಯೂ ಬೇಡವಾಗಿತ್ತು. "ಕಾಲು ತಗೊಂಡು ಹೋಗೋಣ ಅಂತ ಬಂದೆ, ಇಲ್ಲೇ ಕಾಲೂರಿಬಿಟ್ಟೆ" ಎನ್ನುತ್ತಿದ್ದರು. ಈ ಜೋಕನ್ನು ಅವರು ಹೊಸಬರಿಗೆಲ್ಲ ಹೇಳುತ್ತಿದ್ದರು. ಪ್ರತಿ ಸಲವೂ ಮೊದಲು ನಗುತ್ತಿದ್ದವರು ಅವರೇ.

ಮುಂದೆ ಅದೆಷ್ಟೋ ವರ್ಷ ಇಬ್ಬರದೂ ಜೋಡೆತ್ತಿನ ದುಡಿಮೆ. ಅವಳು ಅಳತೆ ಕೂಗುತ್ತಿದ್ದಳು, ಅವರು ಕೀಲಿಮಣೆ ಕುಟ್ಟುತ್ತಿದ್ದರು. ಸುತ್ತಳತೆ, ಉದ್ದ, ತೂಕ ಎಲ್ಲ ಮುಗಿದ ಮೇಲೆ ಬಲತುದಿಯಲ್ಲಿ ಒಂದು ಕೊನೆಯ ಕಾಲಂ. ಅದಕ್ಕೆ ಮೇಷ್ಟ್ರು ಇಟ್ಟ ಹೆಸರು ಷರಾ.

"ಷರಾ ಹೇಳಮ್ಮ," ಎನ್ನುವರು.

"ಈ ಕ್ಷೌರದ ಅಣ್ಣ ನೋವಿಲ್ಲ ಅಂತಾನೆ, ನಂಬಬೇಡಿ. ದಿನಾ ನಿಂತ ಕಾಲಲ್ಲೇ ಇರೋನು. ಸಾಯಂಕಾಲ ಬಾತಿರುತ್ತೆ."

ಅವರು ಅದನ್ನು ಹಾಗೇ, ಅವಳ ಮಾತಿನಲ್ಲೇ, ನಮ್ಮ ಅಕ್ಷರದಲ್ಲೇ ಹೊಡೆಯುವರು. "ಇಂಗ್ಲಿಷಲ್ಲಿ ಬರೆದರೆ ಬಾತಿರೋದು ಇಳಿದುಬಿಡುತ್ತೆ" ಎಂಬುದು ಅವರ ವಾದ. ಕಂಪ್ಯೂಟರ್ ತೆರೆದಾಗ ಕಾಣುವ ಹೆಸರನ್ನೂ ಅವರು 'ಮೇಷ್ಟ್ರು' ಎಂದು ನಮ್ಮ ಲಿಪಿಯಲ್ಲೇ ಇಟ್ಟುಕೊಂಡಿದ್ದರು. ಯಾರು ಏನೇ ಹೇಳಿದರೂ ಬದಲಾಯಿಸಲು ಒಪ್ಪಿರಲಿಲ್ಲ.

ಒಂದು ಬೆಳಿಗ್ಗೆ ಅವರು ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತವರು ಏಳಲಿಲ್ಲ. ಸುದ್ದಿ ಬಂದಾಗ ಟೇಪಕ್ಕ ಒಬ್ಬ ಮುದುಕರ ಕಾಲಿನ ಅಳತೆ ಹಿಡಿದಿದ್ದಳು. ಅರ್ಧಕ್ಕೆ ಬಿಡುವಂತಿರಲಿಲ್ಲ. ಅಳತೆ ಮುಗಿಸಿ, ಮುದುಕರಿಗೆ ಊರುಗೋಲು ಕೈಗೆ ಕೊಟ್ಟು, ಆಮೇಲೆ ಒಳಗಿನ ಪ್ಲಾಸ್ಟರ್ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅಲ್ಲಿಂದ ಮುಂದೆ ಕೂಗುವವಳೂ ಅವಳೇ, ಕುಟ್ಟುವವಳೂ ಅವಳೇ. ಎರಡು ಬೆರಳಲ್ಲಿ ಅಂಕಿ ಹುಡುಕಿ ಹುಡುಕಿ ಒತ್ತುತ್ತಿದ್ದಳು. ನಮ್ಮ ಅಕ್ಷರ ಹೊಡೆಯಲು ಅವಳಿಗೆ ಬರುತ್ತಿರಲಿಲ್ಲ. ಹೊಸಬರ ಷರಾ ಖಾಲಿಯೇ ಉಳಿಯತೊಡಗಿತು. ಹಳಬರದು ಮಾತ್ರ ಮೇಷ್ಟ್ರು ಬಿಟ್ಟುಹೋದ ಹಾಗೇ ಇತ್ತು. ಯಾರಾದರೂ ಮರಳಿ ಬಂದರೆ ಮೊದಲು ಅದನ್ನು ಓದಿಯೇ ಅವಳು ಕೈ ಹಚ್ಚುತ್ತಿದ್ದಳು.

ಹೀಗಿರುವಾಗ ಕಾರ್ಖಾನೆಯನ್ನು ಒಂದು ದೊಡ್ಡ ಆಸ್ಪತ್ರೆ ತನ್ನೊಳಗೆ ಸೇರಿಸಿಕೊಂಡಿತು. ಆಸ್ಪತ್ರೆಯವರಿಗೆ ಎಲ್ಲ ಕಡೆ ಒಂದೇ ಡೇಟಾಬೇಸ್ ಬೇಕು. ಮ್ಯಾನೇಜರು ಕೋಣೆಗೆ ಬಂದು ಬಾಗಿಲಲ್ಲೇ ನಿಂತರು.

"ಹೊಸ ಸಾಫ್ಟ್‌ವೇರ್ ಕಳಿಸಿದ್ದಾರಮ್ಮ. ಈ ವಾರದೊಳಗೆ ಹಾಕಿ ನಮ್ಮ ಅಳತೆಗಳನ್ನೆಲ್ಲ ಅದಕ್ಕೆ ಸೇರಿಸಬೇಕು. ಇಲ್ಲದಿದ್ದರೆ ಹಳಬರೂ ಹೊಸಬರ ಹಾಗೆ ಮೊದಲಿಂದ ಸರದಿ ನಿಲ್ಲಬೇಕಾಗುತ್ತಂತೆ."

"ನಾನಾ ಸಾರ್? ನನಗೆ ಅಂಕಿ ಹೊಡೆಯೋದೇ ಒಂದು ಸರ್ಕಸ್ಸು."

"ಫೋನಲ್ಲಿ ಹೇಳಿಕೊಡ್ತಾರೆ. ಅವರು ಹೇಳಿದ್ದು ಒತ್ತಿದರಾಯ್ತು."

ಫೋನಿನಲ್ಲಿ ಸಿಕ್ಕವಳು ಒಬ್ಬ ಹುಡುಗಿ. ದನಿ ಎಳೆಯದು, ಮಾತು ಮೆತ್ತಗೆ. ತನ್ನ ಕಡೆಯಿಂದಲೇ ಇವಳ ಪರದೆ ನೋಡಲು ಅವಳು ಪ್ರಯತ್ನಿಸಿದಳು. ಕಾರ್ಖಾನೆಯ ಇಂಟರ್ನೆಟ್ ಕುಂಟುತ್ತಿತ್ತು, ನೋಡನೋಡುತ್ತಲೇ ಕಡಿದುಹೋಗುತ್ತಿತ್ತು. ಕೊನೆಗೆ ಮಾತಿನಲ್ಲೇ ದಾರಿ ತೋರಿಸುವುದು ಎಂದಾಯಿತು. ಟೇಪಕ್ಕ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಹೇಳಿದ ಕಡೆಯೆಲ್ಲ ಒತ್ತಿದಳು. ಹಸಿರು ಪಟ್ಟಿ ನಿಧಾನಕ್ಕೆ ತುಂಬುತ್ತ ಹೋಯಿತು. ಇನ್ನೇನು ಮುಗಿಯಿತು ಎನ್ನುವಾಗ ನಿಂತಿತು. ಒಂದು ಕೆಂಪು ಗುರುತು ಬಂತು. ಆಮೇಲೆ ಪಟ್ಟಿ ಹಿಂದಕ್ಕೆ ಸರಿಯತೊಡಗಿತು.

"ಮೇಡಂ, ಏನಾಯ್ತು?"

"ಊರ ಬಾಗಿಲವರೆಗೂ ಹೋಗಿ ವಾಪಸ್ ಬರ್ತಾ ಇದೆ ನೋಡಮ್ಮ."

ಹುಡುಗಿ ಕಂಪ್ಯೂಟರನ್ನು ಆರಿಸಿ ಹಚ್ಚಲು ಹೇಳಿದಳು. ವೈರಸ್ ಕಾವಲಿನವನನ್ನು ಸ್ವಲ್ಪ ಹೊತ್ತು ಮಲಗಿಸಲು ಹೇಳಿದಳು. ಮೌಸಿನ ಬಲಗುಂಡಿ ಒತ್ತಿ, ಯಜಮಾನನ ಅಧಿಕಾರದಲ್ಲಿ ನಡೆಸಲು ಹೇಳಿದಳು. ಪ್ರತಿ ಸಲವೂ ಪಟ್ಟಿ ಅದೇ ಜಾಗದವರೆಗೆ ಹೋಗಿ ಅದೇ ಮಾತು ಹೇಳುತ್ತಿತ್ತು: ಸೇವೆ ಶುರುವಾಗಲಿಲ್ಲ. ಒಂದಿಡೀ ದಿನ ಹೀಗೇ ಹೋಯಿತು. ಹೊರಗೆ ಬೆಂಚಿನ ಮೇಲೆ ಅಳತೆಗೆ ಬಂದವರು ಕಾದು ಕಾದು ಎದ್ದುಹೋದರು.

ಮನೆಯಲ್ಲಿ ಗಂಡ ಬೆನ್ನುನೋವಿಗೆ ಹಲಗೆಯ ಮೇಲೆ ಮಲಗಿದ್ದ. ಬಸ್ ಕಂಡಕ್ಟರಾಗಿ ನಿವೃತ್ತನಾದವನು. ಕುಲುಕಾಟವೆಲ್ಲ ಬೆನ್ನಿನಲ್ಲೇ ಉಳಿದಿತ್ತು.

"ಏನಂತೆ ನಿನ್ನ ಕಂಪ್ಯೂಟರು?"

"ಫುಟ್‌ಬೋರ್ಡಿಗೆ ಕಾಲಿಡುತ್ತೆ, ಒಳಗೆ ಹತ್ತಲ್ಲ ಅನ್ನುತ್ತೆ."

"ಒಳಗೆ ಯಾರೋ ಹಳಬರು ಸೀಟು ಹಿಡಿದಿರಬೇಕು ಬಿಡು," ಎಂದ ಅವನು, ತಮಾಷೆಗೆ.

ಮರುದಿನ ಫೋನಿನ ಹುಡುಗಿಯೂ ಹೆಚ್ಚುಕಡಿಮೆ ಅದನ್ನೇ ಹೇಳಿದಳು. ಮೇಡಂ ಹೋಗಿ ಅಕ್ಕ ಆಗಿತ್ತು. "ಅಕ್ಕ, ನನಗನ್ನಿಸೋದು, ಹಳೇ ಡೇಟಾಬೇಸು ಇದಕ್ಕೆ ಅಡ್ಡ ಬರ್ತಾ ಇದೆ. ಅದರಲ್ಲಿರೋದನ್ನ ಒಂದು ಫೈಲಿಗೆ ತೆಗೆದಿಟ್ಕೊಂಡು, ಅದನ್ನ ಪೂರ್ತಿ ಕಿತ್ತುಹಾಕಿ, ಆಮೇಲೆ ಹೊಸದು ಹಾಕಿದರೆ ಕೂರುತ್ತೆ."

ಕಿತ್ತುಹಾಕುವುದು ಎಂಬ ಮಾತು ಟೇಪಕ್ಕನಿಗೆ ಹಿಡಿಸಲಿಲ್ಲ. ಆದರೆ ಅವಳಿಗೆ ಗೊತ್ತಿದ್ದುದಾದರೂ ಏನು? ಹುಡುಗಿ ಹೇಳಿದ ಹಾಗೆ ಫೈಲು ತೆಗೆದಳು.

"ತೆರೆದು ನೋಡಿ ಅಕ್ಕ, ಎಲ್ಲಾ ಬಂದಿದೆಯಾ?"

ತೆರೆದಳು. ಇಂಗ್ಲಿಷ್ ಅಕ್ಷರದ ಹೆಸರುಗಳು ಸಾಲಾಗಿದ್ದವು. ಸುತ್ತಳತೆ, ಉದ್ದ, ತೂಕ, ಎಲ್ಲ ಅಂಕಿಗಳೂ ಅವಳ ಬಾಯಿಂದ ಹೊರಟ ಹಾಗೇ ಇದ್ದವು. ಪರದೆ ಅಷ್ಟಕ್ಕೇ ಮುಗಿದಿತ್ತು. ಬಲಕ್ಕೆ ಸರಿಸಿದ್ದರೆ ಇನ್ನೊಂದು ಕಾಲಂ ಕಾಣುತ್ತಿತ್ತು. ಅವಳು ಸರಿಸಲಿಲ್ಲ. ಬಾಗಿಲಲ್ಲಿ ಮ್ಯಾನೇಜರು ಕಾಲು ಸುಟ್ಟ ಬೆಕ್ಕಿನ ಹಾಗೆ ಸುತ್ತುತ್ತಿದ್ದರು, ಬೆಂಚಿನ ಮೇಲೆ ಯಾರೋ ಕೆಮ್ಮುತ್ತಿದ್ದರು.

"ಬಂದಿದೆಯಮ್ಮ."

"ನಕಲು ಇದೆ ತಾನೇ? ಇನ್ನೊಂದು ಸಲ ಕೇಳ್ತಿದ್ದೀನಿ."

"ಇದೆ ಕಣಮ್ಮ. ಕಣ್ಣ ಮುಂದೇ ಇದೆಯಲ್ಲ."

ಹಳೆಯದನ್ನು ಕಿತ್ತರು. ಬೇರೂ ಉಳಿಯಬಾರದೆಂದು ಅದು ಕೂತಿದ್ದ ಫೋಲ್ಡರನ್ನೂ ಅಳಿಸಿದರು. ಮೇಷ್ಟ್ರು ವಾರಕ್ಕೊಮ್ಮೆ ತಪ್ಪದೆ ತೆಗೆದಿಡುತ್ತಿದ್ದ ನಕಲು ಕೂಡ ಅದೇ ಫೋಲ್ಡರಿನ ಹೊಟ್ಟೆಯೊಳಗಿತ್ತು. ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಮನೆಯೊಳಗೇ ಇಟ್ಟಂಥ ಕೆಲಸ ಅದು, ಇಬ್ಬರಿಗೂ ಗೊತ್ತಿರಲಿಲ್ಲ.

ಆಮೇಲೆ ಹೊಸದನ್ನು ಹಾಕಿದರು. ಹಸಿರು ಪಟ್ಟಿ ತುಂಬುತ್ತ ಹೋಯಿತು, ನಿಂತಿತು, ಹಿಂದಕ್ಕೆ ಸರಿಯಿತು.



"ಅಕ್ಕ," ಎಂದಳು ಹುಡುಗಿ, "ಅದು ಏನು ಮಾಡ್ತು ಅಂತ ತಾನೇ ಬರೆದಿಟ್ಟಿರುತ್ತೆ. ಆ ಫೈಲು ತೆಗೆಸ್ತೀನಿ. ಕೊನೇ ಸಾಲುಗಳಲ್ಲಿ ಏನಿದೆ, ಒಂದೊಂದೇ ಅಕ್ಷರ ಓದಿ."

ಟೇಪಕ್ಕ ಕನ್ನಡಕ ಏರಿಸಿಕೊಂಡು ಓದಿದಳು. ಇಂಗ್ಲಿಷ್ ಅಕ್ಷರ, ಓರೆಗೆರೆ, ಮತ್ತೆ ಅಕ್ಷರ, ಮತ್ತೆ ಓರೆಗೆರೆ. "ಆಮೇಲೆ ಬರೀ ಪ್ರಶ್ನೆ ಚಿಹ್ನೆ ಇದೆಯಮ್ಮ. ಸಾಲಾಗಿ."

"ಪ್ರಶ್ನೆ ಚಿಹ್ನೆನಾ? ಆ ಜಾಗದಲ್ಲಿ ಕಂಪ್ಯೂಟರ್ ಬಳಸೋರ ಹೆಸರಿರಬೇಕು. ನಿಮ್ಮದು ಏನು ಹೆಸರಿದೆ ಅಕ್ಕ, ಆನ್ ಮಾಡಿದಾಗ ಬರುತ್ತಲ್ಲ?"

"ಮೇಷ್ಟ್ರು ಅಂತಿದೆ. ನಮ್ಮ ಅಕ್ಷರದಲ್ಲಿ."

"ಅಯ್ಯೋ ಅಕ್ಕ!" ಹುಡುಗಿ ನಕ್ಕೇಬಿಟ್ಟಳು. "ಅದೇ! ಈ ಇನ್‌ಸ್ಟಾಲರಿಗೆ ನಮ್ಮ ಲಿಪಿ ಓದೋಕೆ ಬರಲ್ಲ. ಆ ಹೆಸರಿನ ಫೋಲ್ಡರೊಳಗೆ ಹೋಗೋಕೆ ನೋಡುತ್ತೆ, ದಾರಿ ಸಿಗಲ್ಲ, ವಾಪಸ್ ಬರುತ್ತೆ. ಇಂಗ್ಲಿಷಲ್ಲಿ ಇನ್ನೊಂದು ಹೆಸರು ಮಾಡಿಕೊಳ್ಳಿ, ಸಾಕು."

ಸಾಕಾಯಿತು. ಹೊಸ ಹೆಸರು ಮಾಡಿ, ಅದರೊಳಗೆ ಹೋಗಿ ಹಾಕಿದಾಗ ಪಟ್ಟಿ ಒಂದೇ ಉಸಿರಿಗೆ ಆ ತುದಿ ಮುಟ್ಟಿತು. ಮ್ಯಾನೇಜರು ಕೈ ತಟ್ಟಿದರು, ಚಹಾ ತರಿಸಿದರು. ಹುಡುಗಿ, "ನೀವೇ ಮಾಡಿದ್ರಿ ಅಕ್ಕ, ನಾನೇನೂ ಮಾಡಿಲ್ಲ" ಎಂದಳು. ಟೇಪಕ್ಕ ನಕ್ಕಳು, ನಗುತ್ತಿರುವಾಗಲೇ ಒಂದು ಮಾತು ಅವಳ ಮನಸ್ಸಿಗೆ ಹೊಕ್ಕಿತು. ಅಡ್ಡಿ ಇದ್ದದ್ದು ಹೆಸರಿನಲ್ಲಾದರೆ, ಹಳೆಯದನ್ನು ಕಿತ್ತದ್ದು ಯಾಕೆ? ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಯಿತಲ್ಲ. ಕೇಳಲಿಲ್ಲ. ನಕಲು ಇದೆಯಲ್ಲ ಎಂದುಕೊಂಡಳು.

ಫೈಲನ್ನು ಹೊಸ ಡೇಟಾಬೇಸಿಗೆ ಸೇರಿಸಿದ ಮೇಲೆ ಅವಳು ಮೊದಲು ತೆಗೆದದ್ದು ಕ್ಷೌರದ ಅಣ್ಣನ ಪುಟ. ಅಂಕಿಗಳಿದ್ದವು. ಕೆಳಗೆ ಷರಾ ಎಂಬಲ್ಲಿ ಪ್ರಶ್ನೆ ಚಿಹ್ನೆಗಳ ಒಂದು ಸಾಲು. ನಡುನಡುವೆ ಖಾಲಿ ಜಾಗ, ಒಂದು ಅಲ್ಪವಿರಾಮ, ಮೂರು ಚುಕ್ಕೆ. ಮಾತು ಎಲ್ಲಿ ತುಂಡಾಗುತ್ತಿತ್ತು, ಎಲ್ಲಿ ಮುಗಿಯುತ್ತಿತ್ತು ಎಂಬುದು ಮಾತ್ರ ಉಳಿದಿತ್ತು. ಅವಳು ಇನ್ನೊಂದು ಪುಟ ತೆಗೆದಳು, ಮತ್ತೊಂದು ತೆಗೆದಳು.

"ಅಕ್ಕ, ಲೈನಲ್ಲಿದ್ದೀರಾ?"

"ಷರಾ ಹೋಗಿದೆಯಮ್ಮ."

"ಏನು ಹೋಗಿದೆ?"

ಅವಳು ಹೇಳಿದಳು. ಹುಡುಗಿಯ ದನಿ ಸಣ್ಣಗಾಯಿತು. ಫೈಲು ತೆಗೆಯುವಾಗ ಅಕ್ಷರದ ಬಗೆಯನ್ನು ಆರಿಸುವ ಒಂದು ಚೌಕವಿತ್ತಂತೆ. ನಮ್ಮ ಲಿಪಿ ಉಳಿಯುವಂತೆ ಅದನ್ನು ಬದಲಾಯಿಸಲು ಹೇಳುವುದು ತನಗೆ ಮರೆತುಹೋಯಿತೆಂದಳು. ಕಸದ ಬುಟ್ಟಿ ನೋಡಿ ಎಂದಳು, ಅಲ್ಲಿರಲಿಲ್ಲ. ಆ ದಿನವೆಲ್ಲ ಅಲ್ಲಿ ನೋಡಿ, ಇಲ್ಲಿ ನೋಡಿ ಎಂದು ಹುಡುಕಿಸಿದಳು. ಮುಂದಿನ ವಾರ ಮ್ಯಾನೇಜರು ಡಿಸ್ಕನ್ನು ಬಿಚ್ಚಿಸಿ, ಅಳಿದದ್ದನ್ನು ಮರಳಿ ತೆಗೆಯುವ ಅಂಗಡಿಗೂ ಕಳಿಸಿದರು. ಹೊಸದು ಬಂದು ಅದೇ ಜಾಗದ ಮೇಲೆ ಕೂತುಬಿಟ್ಟಿದೆ, ಚೂರುಪಾರು ಬಿಟ್ಟರೆ ಏನೂ ಸಿಗುವುದಿಲ್ಲ ಎಂದು ಅಂಗಡಿಯವನು ವಾಪಸು ಕೊಟ್ಟ.

ಹುಡುಗಿ ಇನ್ನೊಮ್ಮೆ ಫೋನ್ ಮಾಡಿದಳು. "ತಪ್ಪು ನನ್ನದು ಅಕ್ಕ. ನಾನು ಮೇಲಿನವರಿಗೂ ಹೇಳಿದ್ದೀನಿ."

"ನೀನು ಎರಡೆರಡು ಸಲ ಕೇಳಿದೆ. ಇದೆ ಅಂದವಳು ನಾನು. ನಿನ್ನ ಪಾಡಿಗೆ ನೀನು ಊಟ ಮಾಡು, ನಿದ್ದೆ ಮಾಡು."

ಆಮೇಲೆ ಆ ನಂಬರಿಗೆ ಮಾಡಿದಾಗ ಬೇರೆ ಯಾರದೋ ದನಿ ಬರತೊಡಗಿತು. ಹುಡುಗಿಯನ್ನು ಬೇರೆ ಕೆಲಸಕ್ಕೆ ಹಾಕಿದ್ದರೋ, ತಾನೇ ಬಿಟ್ಟಳೋ, ಕೇಳಿದರೆ ಹೇಳುವವರಿರಲಿಲ್ಲ.

ಮ್ಯಾನೇಜರಿಗೆ ಇದೊಂದು ದೊಡ್ಡ ವಿಷಯವೆನಿಸಲಿಲ್ಲ. "ಅಂಕಿ ಎಲ್ಲಾ ಇದೆಯಲ್ಲಮ್ಮ. ಆಸ್ಪತ್ರೆಯವರು ಕೇಳೋದೂ ಅದನ್ನೇ. ಆ ಪ್ರಶ್ನೆ ಚಿಹ್ನೆ ಮಾತ್ರ ನೋಡೋಕೆ ಅಸಹ್ಯ, ಒಂದೇ ಸಲಕ್ಕೆ ಅಳಿಸಿಬಿಡೋಣ."

"ಬೇಡ ಸಾರ್."

"ಇಟ್ಟುಕೊಂಡು ಏನು ಮಾಡ್ತೀರಿ?"

"ಇಲ್ಲೇನೋ ಇತ್ತು ಅನ್ನೋದಾದರೂ ಗೊತ್ತಾಗಲಿ. ಖಾಲಿ ಇದ್ದರೆ ಏನೂ ಇರಲಿಲ್ಲ ಅಂದ್ಕೊಂಡುಬಿಡ್ತಾರೆ."

ನಮ್ಮ ಅಕ್ಷರ ಹೊಡೆಯುವುದನ್ನು ಅವಳು ಆಗ ಕಲಿಯಲು ಕೂತಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ತನ್ನನ್ನೇ ಬೈದುಕೊಳ್ಳುತ್ತ, ಊಟದ ಬಿಡುವಿನಲ್ಲಿ ಒತ್ತಕ್ಷರ ಹುಡುಕುತ್ತಿದ್ದಳು. ನೆನಪಿದ್ದವರದು ನೆನಪಿದ್ದಷ್ಟು ಬರೆದಳು. ಕ್ಷೌರದ ಅಣ್ಣನದು ಬಂತು. ಇಬ್ಬರು ಅಕ್ಕತಂಗಿಯರದು ಬಂತು. ಆಮೇಲೆ ಬುಗ್ಗೆ ಬತ್ತಿತು. ಮೇಷ್ಟ್ರು ಬರೆದುಕೊಳ್ಳುತ್ತಾರೆ ಎಂಬ ಧೈರ್ಯದಲ್ಲಿ ಹೇಳಿ ಹೇಳಿ ಮರೆತಿದ್ದಳು. ಹೆಸರು ನೋಡಿದರೆ ಮುಖ ಬರುತ್ತಿತ್ತು, ಕಾಲೂ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ.

"ಟಿಕೆಟ್ ಹರಿದು ಕೊಟ್ಟ ಮೇಲೆ ನಾನೂ ಯಾರನ್ನೂ ನೆನಪಿಟ್ಕೊತಿರಲಿಲ್ಲ," ಎಂದ ಗಂಡ ಸಮಾಧಾನ ಮಾಡಲು.

"ನಿಮ್ಮ ಪ್ರಯಾಣಿಕರು ಇಳಿದು ಹೋಗ್ತಿದ್ದರು. ನಮ್ಮವರು ಮತ್ತೆ ಮತ್ತೆ ಬರ್ತಾರೆ."

ತರಕಾರಿ ಗಾಡಿಯ ಹೆಂಗಸು ಬಂದದ್ದು ಆಗಲೇ. ನಡುವಯಸ್ಸಿನವಳು, ಇಡೀ ದಿನ ತಳ್ಳುಗಾಡಿಯ ಹಿಂದೆ ನಡೆಯುವವಳು. ಹಳೆಯ ಕಾಲು ಸವೆದು ಹೊಸದು ಬೇಕಾಗಿತ್ತು. ಅವಳ ಪುಟದಲ್ಲಿ ಪ್ರಶ್ನೆ ಚಿಹ್ನೆಗಳು ಎರಡು ಸಾಲು ತುಂಬಿದ್ದವು. ಟೇಪಕ್ಕ ಒತ್ತಿ ಒತ್ತಿ ಕೇಳಿದಳು, "ಎಲ್ಲಿ ನೋವು ಹೇಳಿ, ಮುಚ್ಚಿಡಬೇಡಿ." ಅಂದು ಗಾಡಿಯನ್ನು ಯಾರದೋ ಅಂಗಡಿ ಮುಂದೆ ನಿಲ್ಲಿಸಿ ಬಂದಿದ್ದ ಅವಸರ ಅವಳಿಗೆ. "ಎಲ್ಲಾ ಮೊದಲೇ ಹೇಳಿದ್ದೀನಲ್ಲ, ಆ ಸಾರು ಬರ್ಕೊಂಡಿದ್ದಾರಲ್ಲ. ಅದರ ಪ್ರಕಾರವೇ ಮಾಡಿ," ಎಂದು ಎದ್ದುಬಿಟ್ಟಳು. ಟೇಪಕ್ಕನಿಗೆ, ಅದು ಹೋಯಿತಮ್ಮ ಎಂದು ಹೇಳಲು ನಾಲಿಗೆ ಏಳಲಿಲ್ಲ. ಅಳತೆಯ ಪ್ರಕಾರ ಕಾಲು ಮಾಡಿದರು. ಕೂರಿಸಿ ಹಾಕಿ ನೋಡಿದಾಗ ಸರಿಯಾಗಿಯೇ ಇತ್ತು.

ಹೋದವಳು ತಿಂಗಳು ತುಂಬುವ ಮೊದಲೇ ಹುಣ್ಣಾಗಿ ಮಲಗಿದ್ದಾಳೆ ಎಂದು ಅವಳ ಮೈದುನ ಬಂದು ಹೇಳಿದ. ಟೇಪಕ್ಕ ಅರ್ಧ ದಿನ ರಜೆ ಹಾಕಿ ಅವರ ಮನೆಗೆ ಹೋದಳು. ಒಂದೇ ಕೋಣೆ, ತಗಡಿನ ಮಾಡು, ಮಂಚದ ಕೆಳಗೆ ಖಾಲಿ ಬುಟ್ಟಿಗಳು. ಹೊಸ ಕಾಲು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿತ್ತು. ಮೋಟಿನ ಒಳಬದಿಯಲ್ಲಿ, ಚರ್ಮದ ಅಡಿ, ಮುಳ್ಳಿನಂತೆ ಬೆಳೆದಿದ್ದ ಒಂದು ಮೂಳೆ. ಕೂತಾಗ ಅದು ಕೈಗೆ ಸಿಗುವುದಿಲ್ಲ; ನಿಂತು ಭಾರ ಬಿಟ್ಟಾಗ ಮಾತ್ರ ಒತ್ತುತ್ತದೆ. ಅಲ್ಲಿ, ಮೋಟು ಕೂರುವ ಬಟ್ಟಲನ್ನು ಸ್ವಲ್ಪ ಕೆರೆದು ಜಾಗ ಬಿಡಬೇಕಿತ್ತು. ಗಾಯವನ್ನು ಕಂಡದ್ದೇ ತಡ, ಎಂದೋ ತಾನೇ ಹೇಳಿದ್ದ ಮಾತು ಟೇಪಕ್ಕನಿಗೆ ಪೂರ್ತಿ ನೆನಪಾಯಿತು: ನಿಲ್ಲಿಸಿಯೇ ಮುಟ್ಟಿ ನೋಡಬೇಕು, ಕೂರಿಸಿ ನೋಡಿದರೆ ತಿಳಿಯೋದಿಲ್ಲ.

"ಇನ್ನೆಷ್ಟು ಸಲ ಹೇಳಬೇಕಿತ್ತು?" ಎಂದಳು ಹೆಂಗಸು. ಕಿರುಚಲಿಲ್ಲ, ಕಿರುಚುವಷ್ಟು ತ್ರಾಣವೂ ಇರಲಿಲ್ಲ. "ಆ ಸಾರು ಇದ್ದಾಗ ಹೀಗಾಗ್ತಿರಲಿಲ್ಲ."

"ಬರೆದಿದ್ದು ಅಳಿಸಿಹೋಯ್ತಮ್ಮ. ನನ್ನ ಕೈಯಿಂದಲೇ."

"ಹಾಗಂತ ಅವತ್ತೇ ಹೇಳಬೇಕಿತ್ತು. ಹೇಳಿದ್ದರೆ ನಾನು ಕೂತ್ಕೊಂಡು ಇನ್ನೊಂದು ಸಲ ಹೇಳ್ತಿದ್ದೆ."

  ಮೈದುನ ನೀರು ತಂದುಕೊಟ್ಟ. ಟೇಪಕ್ಕ ಲೋಟ ಹಿಡಿದುಕೊಂಡೇ ಕೂತಿದ್ದು, ಕುಡಿಯದೆ ಎದ್ದು ಬಂದಳು.

ಅಂದಿನಿಂದ ಅವಳು ಬಂದವರಿಗೆಲ್ಲ ಮೊದಲು ಆ ಮಾತೇ ಹೇಳತೊಡಗಿದಳು. "ನಿಮ್ಮ ವಿಷಯ ಬರೆದಿಟ್ಟಿದ್ದು ನನ್ನಿಂದ ಹೋಗಿದೆ. ಮತ್ತೆ ಹೇಳಿ." ಕೆಲವರು ಸಹನೆಯಿಂದ ಹೇಳಿದರು. ಕೆಲವರು ಗೊಣಗಿದರು. ಕೆಲವರಿಗೆ ಅವರದೇ ನೋವು ಮರೆತುಹೋಗಿತ್ತು. "ಆ ಸಾರಿಗೆ ಗೊತ್ತಿತ್ತು" ಎನ್ನುವುದನ್ನು ಮಾತ್ರ ಯಾರೂ ಬಿಡಲಿಲ್ಲ. ಅವಳು ನಿಲ್ಲಿಸಿ, ಕೂರಿಸಿ, ನಡೆಸಿ ನೋಡಿ, ಒಂದು ಪುಟದ ಪ್ರಶ್ನೆ ಚಿಹ್ನೆ ಅಳಿಸಿ ಅಲ್ಲಿ ಮಾತು ತುಂಬುತ್ತಿದ್ದಳು. ಎಷ್ಟೋ ಪುಟಗಳವರು ಬರಲೇ ಇಲ್ಲ. ಊರು ಬಿಟ್ಟವರು, ತೀರಿಕೊಂಡವರು, ಬೇರೆ ಕಡೆ ಕಾಲು ಹಾಕಿಸಿಕೊಂಡವರು.

ತರಕಾರಿ ಗಾಡಿಯ ಹೆಂಗಸು ಹುಣ್ಣು ಒಣಗಿದ ಮೇಲೆ ಊರುಗೋಲಿನಲ್ಲಿ ಬಂದಳು. ಗಾಡಿಯನ್ನು ಈಗ ಮೈದುನ ತಳ್ಳುತ್ತಿದ್ದ. ವ್ಯಾಪಾರ ಅವನ ಕೈಗೆ ಹೋದದ್ದು ಹೋದದ್ದೇ ಎಂದು ಬೆಂಚಿನ ಮೇಲೆ ಪಕ್ಕದವರ ಹತ್ತಿರ ಹೇಳಿಕೊಳ್ಳುತ್ತಿದ್ದಳು. ಸರದಿ ಬಂದಾಗ ಒಳಗೆ ಬಂದು, ಟೇಪಕ್ಕನನ್ನು ದಾಟಿ, ಮೂಲೆಯಲ್ಲಿ ಪಟ್ಟಿ ಕೊಯ್ಯುತ್ತಿದ್ದ ಚರ್ಮದ ಕೆಲಸದವನ ಕಡೆ ನೋಡಿದಳು.

"ಅಳತೆ ನೀವು ತಗೊಳ್ಳಿ ಅಣ್ಣ. ಇವರು ಬೇಡ."

ಅವನು ಗಾಬರಿಯಾಗಿ ಟೇಪಕ್ಕನ ಮುಖ ನೋಡಿದ. ಅವಳು ತಲೆಯಾಡಿಸಿ, ಸರಿದು ಅವನಿಗೆ ಜಾಗ ಬಿಟ್ಟಳು. ತಾನು ಹೋಗಿ ಕಂಪ್ಯೂಟರಿನ ಮುಂದೆ ಕೂತಳು. ಹೆಂಗಸು ಗೋಡೆ ಹಿಡಿದು ನಿಂತು, ಎಲ್ಲಿ ಒತ್ತುತ್ತದೆ, ಎಷ್ಟು ಹೊತ್ತು ನಡೆದ ಮೇಲೆ ಒತ್ತುತ್ತದೆ ಎಂದು ಅವನಿಗೆ ಒಂದೊಂದಾಗಿ ಹೇಳಿದಳು. ಟೇಪಕ್ಕ ತಿರುಗಿ ನೋಡದೆ, ಕೇಳಿದ್ದನ್ನು ಕೇಳಿದ ಹಾಗೇ, ನಿಧಾನಕ್ಕೆ ಹೊಡೆಯುತ್ತ ಹೋದಳು.